ಒಂದು ಹಸಿರು ಹೂವಿನ ದೂರು

ಗುರುವಾರ, ಬೆಳಗ್ಗೆ 10.20. ಎಂಬತ್ನಾಲ್ಕು ವರ್ಷದ ಸತ್ವಂತ್ ಕೌರ್ ಮೊಮ್ಮಗಳು ಜಸ್ಲೀನಳ ಕೈ ಹಿಡಿದು ಹಾಂಗ್‌ಕಾಂಗಿನ ಚಿಮ್ ಶಾ ಚೋಯ್ ಪೊಲೀಸ್ ಠಾಣೆಗೆ ಬಂದರು. ಕೇಸರಿ, ಹಳದಿ ರೇಷ್ಮೆಹೂಗಳ ದೊಡ್ಡ ಹೊದಿಕೆಯೊಂದನ್ನು ಮೇಜಿನ ಮೇಲೆ ಹರಡಿ, "ಇದು ನಂದಲ್ಲ" ಎಂದರು.

ಇನ್‌ಸ್ಪೆಕ್ಟರ್ ಮಾಕ್ ಕಾ-ಯೀ ಕನ್ನಡಕ ಏರಿಸಿಕೊಂಡರು. "ಹರಿದಿದೆಯಾ?"

"ಇಲ್ಲ."

"ಬಣ್ಣ ಹೋಗಿದೆಯಾ?"

"ಇಲ್ಲ. ಒಂದೇ ಒಂದು ತಪ್ಪೂ ಇಲ್ಲ. ಅದೇ ನನ್ನ ದೂರು."

"ಇಪ್ಪತ್ತು ವರ್ಷದ ನೌಕರೀಲಿ ತಪ್ಪಿಲ್ಲ ಅಂತ ದೂರು ಕೊಡೋರನ್ನ ಇವತ್ತೇ ನೋಡಿದ್ದು."

ಕಾನ್‌ಸ್ಟೇಬಲ್ ಗುರ್ಬಾಜ್ ಸಿಂಗ್ ನಗಲಿಲ್ಲ. ಅವನ ಮನೆಯಲ್ಲೂ ಅಜ್ಜಿ ಕಸೂತಿ ಹಾಕಿದ ಇಂಥದೇ ಪಂಜಾಬಿ ಹೊದಿಕೆ, ಫುಲ್ಕಾರಿ, ಇತ್ತು. "ಮೇಡಂ, ಈ ಕಸೂತಿ ಹಾಕೋರು ಬೇಕೂಂತಲೇ ಒಂದು ಹೂವಿಗೆ ಬೇರೆ ಬಣ್ಣ ಹಾಕ್ತಾರೆ. ದೃಷ್ಟಿ ಆಗ್ಬಾರ್ದು ಅಂತ. ಮಗು ಕೆನ್ನೆಗೆ ಕಪ್ಪು ಬೊಟ್ಟು ಇಡ್ತೀವಲ್ಲ, ಹಾಗೆ."

"ನಂದು ಎಡಗಡೆ ಮೂಲೇಲಿ, ಹಸಿರು ಹೂ," ಎಂದರು ಅಜ್ಜಿ. "ಇವಳಮ್ಮ ಹುಟ್ಟಿದ ವರ್ಷ ಶುರು ಮಾಡಿದ್ದು. ಅವಳ ಮದುವೇಲಿ ನಾನೇ ಹೊದಿಸಿದ್ದೆ. ಈಗ ಅವಳಿಲ್ಲ. ಶನಿವಾರ ಸಂಜೆ ಇವಳಿಗೆ ಮದುವೆ ಬಳೆ ಶಾಸ್ತ್ರ. ಅದನ್ನೇ ಹೊದಿಸ್ಬೇಕಮ್ಮ, ಬೇರೇದು ಬೇಡ."

ಜಸ್ಲೀನ್ ಹೇಳಿಕೆ ಕೊಟ್ಟಳು. ಮೂರನೇ ತಾರೀಖು ನೇಥನ್ ರಸ್ತೆಯ ಟೀಕಮ್‌ದಾಸರ ಅಂಗಡಿಯಲ್ಲಿ ಮದುವೆಯ ಲೆಹೆಂಗಾ ಕೊಂಡಿದ್ದಳು. ಫುಲ್ಕಾರಿಯ ಅಂಚು ಬಿಟ್ಟಿತ್ತೆಂದು ಸರಿಮಾಡಲು ಅಲ್ಲೇ ಕೊಟ್ಟಿದ್ದಳು. ನಿನ್ನೆ ವಾಪಸು ಬಂದದ್ದು ಇದು. ದೂರು 11.05ಕ್ಕೆ ದಾಖಲಾಯಿತು. ಕಳುವಾದ ವಸ್ತುವಿನ ಗುರುತು ಎಂಬಲ್ಲಿ ಮಾಕ್ ಕೊಂಚ ಯೋಚಿಸಿ, 'ಒಂದು ಹೂ ಹಸಿರು' ಎಂದು ಬರೆದರು.

ಟೀಕಮ್‌ದಾಸ್ ಅರವತ್ತೆರಡರ ಸಿಂಧಿ. ಊರಿನ ಅರ್ಧ ಭಾರತೀಯ ಮದುಮಕ್ಕಳಿಗೆ ಬಟ್ಟೆ ಕೊಟ್ಟವರು, ಒಳ್ಳೆಯ ಹೆಸರಿನವರು. ಪೊಲೀಸರಿಗೂ ಚಹಾ ತರಿಸಿದರು.

"ಅಂಚು ಹೊಲಿದಿದ್ದು ಯಾರು?"

"ನಾನೇ ಮೇಡಂ. ಅಂಗಡಿ ಬಾಗಿಲು ದಾಟಿಲ್ಲ ಅದು. ಹೊರಗೆ ಯಾರಿಗೂ ತೋರಿಸೇ ಇಲ್ಲ."

ತೋರಿಸಿದಿರಾ ಎಂದು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆದರೆ ಹೆಗಲು ಮುಟ್ಟಿಕೊಂಡವರನ್ನೆಲ್ಲ ಬಂಧಿಸಲು ಬರುವುದಿಲ್ಲ.

ಮಧ್ಯಾಹ್ನ ಮೂರಕ್ಕೆ ಇಬ್ಬರು ಸಾಕ್ಷಿಗಳೆದುರು ಬಟ್ಟೆಯ ಪಂಚನಾಮೆ ನಡೆಯಿತು. ಹಿಂಬದಿಯ ಹೊಲಿಗೆಯಲ್ಲಿ ತೆಳು ಕಾಗದದ ಚೂರುಗಳು ಸಿಕ್ಕಿಕೊಂಡಿದ್ದವು. ಕೈಕಸೂತಿಗೆ ಕಾಗದ ಬೇಡ, ಯಂತ್ರಕ್ಕೆ ಬೇಕು. ಈ ಊರಿನಲ್ಲಿ ಯಂತ್ರದ ಕಸೂತಿ ಎಂದರೆ ಶಾಮ್ ಶ್ವೀ ಪೋ ಬಡಾವಣೆ. ಶುಕ್ರವಾರ ಇಡೀ ದಿನ ಮಾಕ್ ಮತ್ತು ಗುರ್ಬಾಜ್ ಅಲ್ಲಿ ಮೆಟ್ಟಿಲು ಹತ್ತಿ ಇಳಿದರು. ಹತ್ತು ಕಡೆ ನಮ್ಮದಲ್ಲ ಎಂದರು. ಹನ್ನೊಂದನೆಯದು ಮುದುಕ ಲಾವ್‌ನ ಕೋಣೆ.

"ನನ್ನ ಕೆಲಸಾನೇ!" ಲಾವ್ ಎದ್ದೇ ನಿಂತ. "ಯಾವನಾದ್ರೂ ತನ್ನದು ಅಂತಿದ್ದಾನಾ?"

"ಮೂಲದ್ದನ್ನ ನೋಡ್ಕೊಂಡು ಹಾಕಿದ್ರಾ?"

"ಮತ್ತೆ? ಫೋಟೋ ತೆಗೆದಿಟ್ಟಿದ್ದೀನಿ. ಹಾಗೇ ಬೇಕು ಅಂದಿದ್ರು. ಆದ್ರೆ ಪಾಪ, ಯಾರೋ ಅಜ್ಜಿಗೆ ದಾರ ಸಾಲದೆ ಒಂದು ಹೂವಿಗೆ ಹಸಿರು ತುರುಕಿದ್ಲು. ನಾನು ಸರಿಮಾಡಿ ಹಾಕ್ದೆ. ಅದಕ್ಕೆ ಬೇರೆ ದುಡ್ಡೂ ಕೇಳ್ಲಿಲ್ಲ!"

ಗುರ್ಬಾಜ್ ಗೋಡೆಯ ಕಡೆ ತಿರುಗಿ ನಗು ನುಂಗಿದ. ಫೋಟೋದ ಎಡಮೂಲೆಯಲ್ಲಿ ಹಸಿರು ಹೂ ನಿಚ್ಚಳವಾಗಿತ್ತು. ಕೆಲಸ ಒಪ್ಪಿಸಿದ ಚೀಟಿಯಲ್ಲಿ ಟೀಕಮ್‌ದಾಸರ ಸಹಿ ಇತ್ತು.

ಶನಿವಾರ 2.40ಕ್ಕೆ ವಾರಂಟ್ ಹಿಡಿದು ಅವರ ಮನೆ ಶೋಧಿಸಿದರು. ಮಗಳು ಭಾವನಾಳ ಮದುವೆ ಪೆಟ್ಟಿಗೆಯ ತಳದಲ್ಲಿ, ಲವಂಗ ಹಾಕಿದ ಮಲ್ಲು ಬಟ್ಟೆಯೊಳಗೆ ಫುಲ್ಕಾರಿ ಸಿಕ್ಕಿತು. ಭಾವನಾ ಅಪ್ಪನ ಮುಖ ನೋಡಿದಳು. ಅವರು ನೆಲ ನೋಡಿದರು. 3.15ಕ್ಕೆ ಬಂಧನವಾಯಿತು.

ಠಾಣೆಯಲ್ಲಿ ಅಜ್ಜಿ ಬೆರಳಲ್ಲಿ ತಡವಿಯೇ ಹಸಿರು ಹೂ ಗುರುತಿಸಿದರು. ಆದರೆ ಪ್ರಕರಣ ಮುಗಿಯುವವರೆಗೆ ಸಾಕ್ಷ್ಯ ಠಾಣೆ ಬಿಟ್ಟು ಹೋಗುವಂತಿಲ್ಲ. ಗಂಟೆ ಐದಾಗಿತ್ತು. ಮಾಕ್ ಮೇಲಧಿಕಾರಿಗೆ ಎರಡು ಸಲ ಫೋನ್ ಮಾಡಿದರು. ಎರಡನೆಯ ಸಲ ದನಿ ಏರಿತ್ತು. ನಂತರ ಎಲ್ಲ ಮೂಲೆಗಳ ಫೋಟೋ ತೆಗೆಸಿ, ಮುಚ್ಚಳಿಕೆ ಬರೆಸಿಕೊಂಡರು.

"ಮಂಗಳವಾರ ಹತ್ತಕ್ಕೆ ವಾಪಸ್ ತರಬೇಕು. ಅರಿಶಿನ ತಾಗಿಸ್ಬೇಡಿ."

"ತಾಗದೇ ಇರೋಕೆ ಇದೇನು ಶವಸಂಸ್ಕಾರಾನಾ?" ಎಂದರು ಅಜ್ಜಿ.

ಏಳು ಗಂಟೆಗೆ ಕೆಂಪು ಬಳೆ ತೊಟ್ಟ ಜಸ್ಲೀನಳ ತಲೆಯ ಮೇಲೆ ಅಜ್ಜಿ ಫುಲ್ಕಾರಿ ಹೊದಿಸಿದರು. ಹೆಂಗಸರ ಹಾಡಿಗೆ ಮನೆಯ ಕಿಟಕಿಗಳು ಅದುರಿದವು. ಗುರ್ಬಾಜ್ ಸಮವಸ್ತ್ರದಲ್ಲೇ ಕುಣಿದ. ಮಾಕ್ ಕಂಡೂ ಕಾಣದವರಂತೆ ಲಡ್ಡು ತಿಂದರು. ಗೆದ್ದ ಖುಷಿ ಅವರ ಮುಖದಲ್ಲೂ ಮುಚ್ಚಿಡಲಾಗದಷ್ಟಿತ್ತು.

ಟೀಕಮ್‌ದಾಸರ ಹೇಳಿಕೆ ಒಂದೇ ಪುಟದ್ದು. ಭಾವನಾ ಸೇರಲಿರುವುದು ಪಂಜಾಬಿ ಮನೆ. ನಿನ್ನ ಅಜ್ಜಿಯ ಯಾವ ಫುಲ್ಕಾರಿ ತರುತ್ತೀಯ ಎಂದು ಅತ್ತೆ ಅಕ್ಕರೆಯಿಂದಲೇ ಕೇಳಿದ್ದರು. ಭಾವನಾಳ ಅಜ್ಜಿ ದೇಶ ವಿಭಜನೆಯಾದಾಗ ಕರಾಚಿಯಲ್ಲಿ ಹಡಗು ಹತ್ತಿದ್ದು ಉಟ್ಟ ಬಟ್ಟೆಯಲ್ಲಿ. 'ಎಲ್ಲರ ಮಗಳಿಗೂ ಹೊಸದು ಕೊಟ್ಟೆ. ನನ್ನ ಮಗಳಿಗೆ ಹಳೆಯದೊಂದು ಕೊಡಲು ನನ್ನಲ್ಲಿರಲಿಲ್ಲ.'

ಗುರ್ಬಾಜ್ ಅದನ್ನು ಓದಿ ಹೇಳಿದಾಗ ಸತ್ವಂತ್ ಕೌರ್ ಹಣೆ ಚಚ್ಚಿಕೊಂಡರು.

"ಪೆದ್ದ. ಕೇಳಿದ್ರೆ ಅವನ ಮಗಳಿಗೂ ಒಂದು ಹಾಕ್ಕೊಡ್ತಿದ್ದೆ. ಈಗ ಕಣ್ಣು ಕಾಣಲ್ಲ, ಹೂವಿಗೊಂದು ತಪ್ಪಾಗ್ತಿತ್ತು," ಎಂದು ಮೂಗು ಒರೆಸಿಕೊಂಡರು. "ಆಗ್ಲಿ ಬಿಡು, ಯಾರ ದೃಷ್ಟೀನೂ ತಾಗ್ತಿರ್ಲಿಲ್ಲ."