ನಡುಗಡ್ಡೆಯ ಅಲೆ

"ಹುಷಾರ್ರಿ! ನೀರಾಗ ಬಂಡಿಗಲ್ಲು ಅದಾವ!"

ದೋಣಿಯಿಂದ ಕೇಳಿದ ದನಿಗೆ, ಪುಟ್ಟ ನಡುಗಡ್ಡೆಯೊಂದರ ಬಳಿ ಸರ್ಫಿಂಗ್ ಹಲಗೆಯ ಮೇಲಿದ್ದ ಗೌತಮಿ ಕೂತಲ್ಲೇ ತಿರುಗಿದಳು. ಕರಾವಳಿಯ ಶಾಲೆಯಲ್ಲಿ ಈಜು ಕಲಿಸಲು ಬಂದು ಎರಡು ವರ್ಷ. ಸಮುದ್ರದ ನಡುವೆ ತನ್ನೂರಿನ ಮಾತು ಕೇಳಿದ್ದು ಅದೇ ಮೊದಲು.

"ಯಾವೂರ್ರಿ ನಿಮ್ದು?"

"ತಿಕೋಟಾ ಹತ್ರ, ಕಳ್ಳಕವಟಗಿ. ಶಿವಾಜಿ ಅಂತ. ಬೋಟಿನ ಎಂಜಿನ್ ರಿಪೇರಿ ಮಾಡ್ತೇನಿ. ನೀವು?"

"ವಿಜಾಪುರ, ಇಬ್ರಾಹಿಂಪುರ." ಅವಳು ಕಣ್ಣು ಕಿರಿದು ಮಾಡಿ ನಕ್ಕಳು. "ಕಳ್ಳಕವಟಗ್ಯಾಗ ಎಲ್ಲಿ ಬೋಟ್ ನೋಡಿದ್ರಿ?"

"ಇಬ್ರಾಹಿಂಪುರದಾಗ ನೀವೆಲ್ಲಿ ಅಲಿ ನೋಡಿದ್ರಿ?"

ಅಂದಿನಿಂದ ಪ್ರತಿ ಭಾನುವಾರ ಅವನೇ ಅವಳನ್ನು ದೋಣಿಯಲ್ಲಿ ಆ ನಡುಗಡ್ಡೆಗೆ ಕರೆದೊಯ್ಯುತ್ತಿದ್ದ. ತೆರೆದ ಕಡಲಿನಿಂದ ಬಂದ ಅಲೆ ಅಲ್ಲಿ ನೀರೊಳಗಿನ ಬಂಡೆಗೆ ತಾಗಿ ಒಮ್ಮೆಲೇ ಗೋಡೆಯಂತೆ ಏಳುತ್ತಿತ್ತು. ಅವನು ಪಕ್ಕದ ಆಳದಲ್ಲಿ ದೋಣಿ ನಿಲ್ಲಿಸಿ ಕಾಯುತ್ತಿದ್ದ. ಹಲಗೆಯ ಮೇಲೆ ಏಳುವ ಮೊದಲು ಅವಳು ಒಮ್ಮೆ ಅವನತ್ತ ನೋಡುತ್ತಿದ್ದಳು. ಆ ಒಂದು ನೋಟಕ್ಕಾಗಿ ಅವನು ವಾರವಿಡೀ ಕಾಯುತ್ತಿದ್ದ. ಬಾಯಿಬಿಟ್ಟು ಮಾತ್ರ ಹೇಳಲಿಲ್ಲ.

ಮಳೆಗಾಲ ಮುಗಿದ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅವಳು ಬಿದ್ದಳು. ಹಲಗೆಯ ತುದಿ ಮೇಲೆ ಕಂಡಿತು, ಅವಳು ಕಾಣಲಿಲ್ಲ. ಹಲಗೆಯಿಂದ ಅವಳ ಕಾಲಿಗೆ ಕಟ್ಟಿದ ಹಗ್ಗ ಬಂಡೆಗೆ ಸಿಕ್ಕಿತ್ತು. ಹೊಲದ ಬಾವಿಯಲ್ಲಿ ಈಜು ಕಲಿತ ಶಿವಾಜಿ ಚಾಕು ಹಿಡಿದು ಹಾರಿದ. ಹಗ್ಗ ಕೊಯ್ದು ಮೇಲೆ ತಂದಾಗ ಅವಳ ಕಾಲು ಮುರಿದಿತ್ತು, ಉಸಿರು ಎಳೆಯಷ್ಟೇ ಉಳಿದಿತ್ತು.

ಮೂರು ತಿಂಗಳಾದ ಮೇಲೆ ಅವನು, ಅವಳು ಚೇತರಿಸಿಕೊಳ್ಳುತ್ತಿದ್ದ ಇಬ್ರಾಹಿಂಪುರದ ಮನೆಗೆ ಬಂದ. ಅವಳ ತಾಯಿ ಸತ್ಯವ್ವ ಚಹಾ ಕೊಟ್ಟು ಒಳಗೆ ಹೋದಳು.

"ಮುಂದಿನ ಮಳಿಗಾಲ ಮುಗದ ಮ್ಯಾಲ ಮತ್ತ ಆ ನಡುಗಡ್ಡಿಗೇ ಹೋಗ್ತೇನಿ," ಎಂದಳು ಗೌತಮಿ.

ಅವನು ತಲೆ ತಗ್ಗಿಸಿದ. "ಅವತ್ತ ನೀವ ಎದ್ದ ಬರ್ತೀರಿ ಅಂತ ಇಪ್ಪತ್ತರ ತನಕ ಎಣಿಸಿ ಹಾರೇನ್ರಿ. ಹತ್ತಕ್ಕ ಹಾರಬೇಕಿತ್ತು. ದಿನಾ ಅದ ನೆನಪಾಗ್ತೈತಿ."

"ಹಂಗಾರ ಅಲಿ ಏರೂದು ಬಿಡು ಅಂತ ಹೇಳಾಕ ಬಂದೀರೇನು?"

"ಬಿಡು ಅನ್ನಾಕ ನಾ ಯಾರ್ರಿ?"

"ಯಾರು ಅಂತ ನೀವ ಹೇಳ್ರಿ. ಮೂರು ತಿಂಗಳಿಂದ ಅದನ್ನ ಕೇಳಾಕ ಕುಂತೇನಿ."

ಅವನ ಕಣ್ಣು ತುಂಬಿತು. "ನಿಮ್ಮನ್ನ ಬಿಟ್ಟ ಇರಾಕ ಆಗಲಾರದಾವ."

ಗೌತಮಿ ಅವನ ಕೈ ಹಿಡಿದಳು. "ನೀರಾಗ ಕಣ್ಣಿಗೆ ಕತ್ತಲಿ ಬಂದಾಗ ಸಾಯೂದಕ್ಕ ಅಂಜಲಿಲ್ಲ ನಾ. ನಿಮಗ ಏನೂ ಹೇಳಲಿಲ್ಲಲ್ಲ ಅಂತ ಸಂಕಟ ಆತು. ಇನ್ನ ಮ್ಯಾಲ ಹೋದಾಗ ಸಮುದ್ರ ನೋಡಿ ನೀವ ಹೇಳ್ರಿ. ಇವತ್ತ ಬ್ಯಾಡ ಅಂದ್ರ ಹೊಳ್ಳಿ ಬರೂಣು."

ಬಾಗಿಲಲ್ಲಿ ಸತ್ಯವ್ವ ನಿಂತಿದ್ದಳು. "ಮನ್ಯಾಗ ಹೇಳಿಯೇನಪ್ಪಾ? ನಮ್ಮ ಜಾತಿ ಯಾವ್ದಂತ ಗೊತ್ತೈತೇನ ಅವರಿಗೆ?"

"ಎಲ್ಲಾ ಹೇಳೇನ್ರಿ. ಅವ್ವ ಎರಡ ದಿನ ಮಾತಾಡಲಿಲ್ಲ. ಬರೂ ಐತವಾರ ಬರ್ತಾಳ್ರಿ."

"ಬಂದ್ರ, ನಮ್ಮ ಮನ್ಯಾಗ ಉಣ್ತಾಳೇನು?"

"ಉಣ್ತಾಳ್ರಿ. ಅದನ್ನ ಕೇಳೇ ಬಂದೇನಿ."

ಸತ್ಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಇವತ್ತ ನೀ ಉಂಡ ಹೋಗು," ಎಂದಳು.