ಕಿಟಕಿಯ ಬಳ್ಳಿಯಲ್ಲಿ ಮಲಗಿದವರು

“ಕಿಟಕಿ ತೆಗೀಬೇಡಿ! ದಮ್ಮಯ್ಯ, ತೆಗೀಬೇಡಿ!”

ಗಾಜಿನ ಒಳಗಿದ್ದ ಕೈ ಚಿಲಕದ ಮೇಲೇ ನಿಂತಿತು. ಕೆದರಿದ ಕೂದಲು, ನಿದ್ದೆಗಣ್ಣು, ಅದರೊಳಗೆ ಮೂಗಿನ ತುದಿಯ ಸಿಟ್ಟು. ಹೊರಗೆ ಹಿತ್ತಿಲಲ್ಲಿ ಮಂಡಿಯೂರಿದ್ದ ಅವಳ ಕ್ಯಾಮೆರಾದ ಕಣ್ಣಿನಲ್ಲಿ ಆ ಮುಖ ತುಂಬಿಕೊಂಡಿತು.

ಅವನು ಪಕ್ಕದ ಬಾಗಿಲಿನಿಂದ ಸುತ್ತಿಕೊಂಡು ಬಂದ. ಹೊದಿಕೆ ಹೆಗಲ ಮೇಲೇ ಇತ್ತು.

“ಮಲಗಿರೋರ ಫೋಟೋ ತೆಗೆಯೋದು ಯಾವ ನ್ಯಾಯ ರೀ?”

“ಮಲಗಿರೋರದ್ದೇ,” ಎಂದಳು ಅವಳು, ಮಂಡಿಯ ಮಣ್ಣು ಕೊಡವುತ್ತ. “ಆದ್ರೆ ನಿಮ್ಮದಲ್ಲ. ಇಲ್ಲಿ ನೋಡಿ. ಮೆಲ್ಲಗೆ.”

ಕಿಟಕಿಯ ಮೇಲೆ ಹಬ್ಬಿದ್ದ ನೀಲಿ ಹೂವಿನ ಬಳ್ಳಿಯಲ್ಲಿ ಒಂದು ಒಣಗಿದ ಕುಡಿ ಜೋತಾಡುತ್ತಿತ್ತು. ಅದರ ಉದ್ದಕ್ಕೂ ಸಾಲಾಗಿ ಜೇನುಗಳು. ಹೊಟ್ಟೆಯ ಮೇಲೆ ತಿಳಿನೀಲಿ ಪಟ್ಟೆ. ಕಾಲು ಮಡಚಿಕೊಂಡು, ಬರೀ ಬಾಯಲ್ಲಿ ಕುಡಿಯನ್ನು ಕಚ್ಚಿ ಹಿಡಿದು ನೇತಾಡುತ್ತಿದ್ದವು.

“ಸತ್ತೋಗಿವೆಯಾ?”

“ನಿದ್ದೆ. ಇವು ಒಂಟಿ ಜೇನು, ಇಲ್ಲಿರೋವೆಲ್ಲ ಗಂಡು. ಹೆಣ್ಣುಗಳು ಗೂಡಲ್ಲಿ ಮಲಗ್ತವೆ. ಇವಕ್ಕೆ ಗೂಡಿಲ್ಲ. ಕತ್ತಲಾದ್ರೆ ಸಿಕ್ಕಿದ ಕಡ್ಡಿ ಕಚ್ಕೊಂಡು ಮಲಗೋದು, ಬೆಳಕಾದ್ರೆ ಹೋಗೋದು.”

ಅವನು ಬಗ್ಗಿ ನೋಡಿದ. ಸಿಟ್ಟು ಯಾವಾಗಲೋ ಇಳಿದು ಹೋಗಿತ್ತು.

“ನನ್ನ ಕುಲದವರೇ ಬಿಡಿ,” ಎಂದ.

ಅವನು ಅವಳ ದೊಡ್ಡಮ್ಮನ ಮನೆಯ ಕೆಳಗಿನ ಕೋಣೆಗೆ ಹೊಸದಾಗಿ ಬಾಡಿಗೆಗೆ ಬಂದವನು. ರಾತ್ರಿಯಿಡೀ ಬೇಕರಿಯ ಒಲೆ ಮುಂದೆ ನಿಂತು, ಹಗಲು ಮನೆಗೆಲಸ ಮುಗಿಸಿ, ಸಂಜೆ ಮಲಗುವ ಜೀವ. ಅವಳು ಮಹಡಿಯಲ್ಲಿ ದೊಡ್ಡಮ್ಮನ ಜೊತೆ ಇದ್ದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ.

“ಇಡೀ ದಿನ ಜನರ ಮೂಳೆ ನೋಡ್ತೀನಿ,” ಎಂದಳು ಮರುದಿನ, ಈ ಫೋಟೋ ಹುಚ್ಚು ಯಾಕೆಂದು ಅವನು ಕೇಳಿದಾಗ. “ಸಂಜೆಗಾದ್ರೂ ಸ್ವಲ್ಪ ಹೂವು ಬೇಡ್ವಾ?”

ಆಮೇಲೆ ಅವಳು ಫ್ಲ್ಯಾಶ್ ಬಳಸುವುದನ್ನು ಬಿಟ್ಟಳು. ಅವನು ನಿದ್ದೆಯ ಒಂದು ತುಂಡನ್ನು ಬಿಟ್ಟ. ಟಾರ್ಚಿನ ಬಾಯಿಗೆ ಬೇಕರಿಯ ಬೆಣ್ಣೆಕಾಗದ ಸುತ್ತಿ, ಅವಳು ಹೇಳಿದ ಕಡೆ ಹಿಡಿಯುತ್ತಿದ್ದ. ಬೆಳಕು ಹಾಲಿನ ಹಾಗೆ ಸೋರಿ ದಳಗಳ ಮೇಲೆ ಇಳಿಯುತ್ತಿತ್ತು. ಬಿಳಿ ಹೂವಿನಲ್ಲಿ ಬಿಳಿಯಾಗಿಯೇ ಅವಿತ ಜೇಡ, ಎಲೆಯಡಿ ಕೊಂಬು ತಿರುಗಿಸುವ ಬಸವನಹುಳು, ಮೊಗ್ಗಿನ ತುದಿಯಲ್ಲಿ ತಪಸ್ಸಿಗೆ ಕೂತ ಹಸಿರು ಮಿಡತೆ. ಹಿತ್ತಿಲು ಅಂಗೈಯಗಲವೇ ಇದ್ದರೂ ಅವರಿಗೆ ಮುಗಿಯುತ್ತಲೇ ಇರಲಿಲ್ಲ.

“ಉಸಿರು ಬಿಗಿಹಿಡೀರಿ,” ಎನ್ನುತ್ತಿದ್ದಳು ಅವಳು, ಅಭ್ಯಾಸಬಲದಿಂದ.

“ಹಿಡಿದೇ ಇದೀನಿ,” ಎನ್ನುತ್ತಿದ್ದ ಅವನು. “ನೀವು ಪಕ್ಕದಲ್ಲಿ ಕೂತಾಗಿನಿಂದ.”

ಅವಳು ಕೇಳಿಸದವಳಂತೆ ಲೆನ್ಸ್ ತಿರುಗಿಸುವಳು. ಒಂದು ಸಂಜೆ ಕಿಟಕಿಯ ಗಾಜಿನಲ್ಲಿ ಅವನ ಪ್ರತಿಬಿಂಬ ಕಂಡಳು. ಟಾರ್ಚು ಜೇನಿನ ಕಡೆಗಿತ್ತು, ಕಣ್ಣು ಅವಳ ಕಡೆಗೆ. ಆ ಸಂಜೆ ಫೋಕಸ್ ಮಾಡಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಬೇಕೆಂದೇ ಹಿಡಿಸಿದಳು.

ಹಿಂದೊಮ್ಮೆ ಮದುವೆ ಮಾತುಕತೆ ಮುಗಿದ ಮೇಲೆ ಗೊತ್ತಾಗಿದ್ದ ಹುಡುಗ, “ಈ ಹುಳುಹುಪ್ಪಟೆ ಹುಚ್ಚು ಬಿಟ್ಟುಬಿಡು,” ಎಂದಿದ್ದ. ಅವಳು ಅವನನ್ನೇ ಬಿಟ್ಟಿದ್ದಳು. ಅಲ್ಲಿಂದ ಮದುವೆಯ ಸುದ್ದಿ ಎತ್ತಿದರೆ ಸಾಕು, ಕ್ಯಾಮೆರಾ ಎತ್ತಿಕೊಂಡು ಹಿತ್ತಿಲಿಗೆ ಇಳಿದುಬಿಡುತ್ತಾಳೆ ಎಂದು ದೊಡ್ಡಮ್ಮನ ದೂರು. ಈಗ ಯಾರೂ ಯಾವ ಸುದ್ದಿಯನ್ನೂ ಎತ್ತದಿದ್ದರೂ ಹಿತ್ತಿಲಿಗೆ ಇಳಿಯುತ್ತಿದ್ದಳು.

ಒಂದು ಬೆಳಿಗ್ಗೆ ದೊಡ್ಡಮ್ಮ ಒಗೆದ ಬಟ್ಟೆ ಮಡಚುತ್ತ ಅಂದರು, “ಕೆಳಗಿನವನು ಬಿಡ್ತಾನಂತೆ ಕಣೆ. ಈ ತಿಂಗಳ ಕೊನೆಗೆ.”

ಅವಳ ಕೈಯಲ್ಲಿದ್ದ ಟವೆಲ್ ಕೈಯಲ್ಲೇ ಉಳಿಯಿತು.

“ಒಳ್ಳೆಯವನು, ಪಾಪ. ಇಂಥ ಸೆಕೆಯಲ್ಲಿ ಬೆಂದು ಹೋಗ್ತಿದಾನೆ, ಒಂದು ದಿನಾನೂ ಕಿಟಕಿ ತೆಗೆದಿಲ್ಲ. ಯಾಕಪ್ಪಾ ಅಂದ್ರೆ, ‘ಆಚೆ ಮಲಗಿದಾರೆ ಅಮ್ಮಾ’ ಅಂತಾನೆ. ನಮ್ಮ ಹಿತ್ತಿಲಲ್ಲಿ ಯಾರೇ ಮಲಗಿರೋರು?”

ಆ ಕಿಟಕಿ ಹೊರಕ್ಕೆ ತೆರೆಯುವಂಥದು, ತಳ್ಳಿದರೆ ಬಳ್ಳಿ ಹರಿಯುತ್ತದೆ. ಅವಳು ಒಮ್ಮೆ ಕೂಗಿದ್ದಕ್ಕೆ, ರಾತ್ರಿಯಿಡೀ ಒಲೆಯ ಕಾವು ಉಂಡು ಬರುವ ಮನುಷ್ಯ ಮುಚ್ಚಿದ ಕೋಣೆಯಲ್ಲಿ ಬೇಸಿಗೆ ಕಳೆದಿದ್ದ. ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಹೊರಡುವುದರ ಬಗ್ಗೆಯೂ ಆಡಿರಲಿಲ್ಲ.

ಆ ಸಂಜೆ ಅವಳು ಕೆಳಗಿಳಿಯಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನ ತಡೆಯಲಾರದೆ ಇಳಿದಳು. ತೆಗೆದ ಚಿತ್ರವೆಲ್ಲ ಮಸುಕು.

ಬಾಗಿಲು ಕಿರುಗುಟ್ಟಿತು.

“ಕಾಣಲೇ ಇಲ್ಲ?”

“ಕೆಲಸ ಇತ್ತು.” ಅವಳು ತಿರುಗಲಿಲ್ಲ. “ಬಿಡ್ತೀರಂತೆ?”

“ಹೌದು. ಬಿಡ್ತಿದೀನಿ.”

“ಒಂದು ಮಾತು ಹೇಳಬಹುದಿತ್ತು.”

“ಹೇಳೋಣ ಅಂತಾನೇ ಎರಡು ಸಂಜೆ ಇಲ್ಲಿ ಟಾರ್ಚ್ ಹಿಡ್ಕೊಂಡು ಕೂತಿದ್ದೆ.”

“ಯಾವ ಊರು?”

“ಊರಾ?” ಅವನು ತಬ್ಬಿಬ್ಬಾದ. “ಇಲ್ಲೇ, ಬಸ್ ಸ್ಟ್ಯಾಂಡ್ ಹಿಂದಿನ ಬೇಕರಿಗೆ ಸೇರ್ತಿದೀನಿ. ನಾನು ಬಿಡ್ತಿರೋದು ರಾತ್ರಿ ಪಾಳಿ ರೀ. ನೀವೇನಂದ್ಕೊಂಡ್ರಿ?”

ಅವಳು ಈಗ ತಿರುಗಿದಳು. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

“ಆ ಒಲೆಗೆ ನಾನೇ ರಾಜ ಅಂತಿದ್ರಿ. ಯಾಕೆ ಬಿಟ್ರಿ?”

“ಹೊಸ ಕಡೆ ಹತ್ತರಲ್ಲಿ ನಾನೂ ಒಬ್ಬ. ಆದ್ರೆ ಹಗಲು ಕೆಲಸ.” ಅವನು ಟಾರ್ಚಿನ ಕಾಗದ ಬಿಚ್ಚಿ, ಮತ್ತೆ ಸುತ್ತಿದ. “ನೀವು ಮನೆಗೆ ಬಂದಾಗ ನಾನು ಮಲಗಬೇಕು. ನೀವು ಮಲಗಿದಾಗ ನಾನು ಹೊರಡಬೇಕು. ನಡುವೆ ಸಿಗೋದು ಇಷ್ಟೇ ಇಷ್ಟು ಸಂಜೆ. ಅದರಲ್ಲೂ ಈ ಗಂಡುಗಳು ಅರ್ಧ ಪಾಲು ತಗೊಂಡುಬಿಡ್ತವೆ. ನನಗೆ ಸಾಲ್ತಾ ಇಲ್ಲ.”

ಗಾಳಿ ಬಂತು. ಒಣ ಕುಡಿ ತೂಗಿತು. ಮಲಗಿದವರು ಯಾರೂ ಹಿಡಿತ ಬಿಡಲಿಲ್ಲ.

ಅವಳು ಕ್ಯಾಮೆರಾವನ್ನು ಕುತ್ತಿಗೆಯಿಂದ ತೆಗೆದು ಮೆಟ್ಟಿಲ ಮೇಲಿಟ್ಟಳು. ಅವನ ಕೈ ಹಿಡಿದುಕೊಂಡಳು. ಒಲೆ ತಾಗಿದ ಹಳೆಯ ಕಲೆಗಳು ಬೆರಳಿಗೆ ಸಿಕ್ಕವು. ಒಂದೊಂದನ್ನೇ ನಿಧಾನವಾಗಿ ಮುಟ್ಟಿದಳು.

“ನನಗೂ ಸಾಲ್ತಿರಲಿಲ್ಲ,” ಎಂದಳು.

ಅವನು ಅವಳ ಹಣೆಗೆ ಹಣೆ ತಾಗಿಸಿದ. ಅವನ ಕೂದಲಿನಲ್ಲಿ ಇನ್ನೂ ಸುಟ್ಟ ಸಕ್ಕರೆಯ ವಾಸನೆ.

ಮೇಲಿನ ಬಾಲ್ಕನಿಯಿಂದ ದನಿ ಬಂತು, “ಯಾರೇ ಅದು ಕತ್ತಲಲ್ಲಿ? ಲೈಟ್ ಹಾಕ್ಲಾ?”

“ಬೇಡ ದೊಡ್ಡಮ್ಮಾ!” ಎಂದರು ಇಬ್ಬರೂ ಒಟ್ಟಿಗೆ.

ಕೆಳಗೆ ಅವನು ನಾಲಿಗೆ ಕಚ್ಚಿಕೊಂಡ.

“ಏನಪ್ಪಾ, ನಿನಗೂ ನಾನು ದೊಡ್ಡಮ್ಮ ಆದ್ನಾ? ಯಾವಾಗಿಂದ?”

ಅವಳೇ ತಲೆಯೆತ್ತಿ, ಹಿಡಿದ ಕೈ ಬಿಡದೆ, ಕೂಗಿ ಹೇಳಿದಳು:

“ಈಗಿನಿಂದ!”