ದುಂಡು ಗುಂಡಿ

"ಅಲ್ಲಾಡಬೇಡ ಅಂದ್ನಲ್ಲ!" ಮೇಷ್ಟ್ರು ಗದರಿದರು.

ರಿಸ್ತೆನ್ ಅಲ್ಲಾಡಿರಲಿಲ್ಲ. ಕಬ್ಬಿಣದ ಇಕ್ಕಳ ಕಿವಿಯ ಮೇಲೆ ತಣ್ಣಗೆ ಕೊರೆಯುತ್ತಿತ್ತು, ಅಷ್ಟೆ. ಜನಾಂಗಗಳ ಅಧ್ಯಯನಕ್ಕೆಂದು ರಾಜಧಾನಿಯಿಂದ ಬಂದ ಸಾಹೇಬ ಅವಳ ತಲೆಯನ್ನು ಅಳೆಯುತ್ತಿದ್ದ, ಮಾರಾಟಕ್ಕಿಟ್ಟ ಹಿಮಸಾರಂಗವನ್ನು ಮುಟ್ಟಿನೋಡುವ ಹಾಗೆ. ಯಾಕೆ ಎಂದು, ಉತ್ತರದ ಹಿಮನಾಡಿನಲ್ಲಿ ಸಾರಂಗ ಸಾಕುವ ಸಾಮಿ ಬುಡಕಟ್ಟಿನ ಮಕ್ಕಳ ಆ ಶಾಲೆಯಲ್ಲಿ ಯಾರೂ ಕೇಳುವಂತಿರಲಿಲ್ಲ.

ಅವಳು ಸಹಿಸಿಕೊಂಡಳು. ಅಳತೆ ಆದಮೇಲೆ ಫೋಟೋ. ಒಂದು ಪ್ರತಿ ಅವಳಿಗೂ ಕೊಡುತ್ತೇನೆಂದು ಸಾಹೇಬ ಹೇಳಿದ್ದ. ಅದನ್ನು ಅಮ್ಮನಿಗೆ ಕಳಿಸಬೇಕು. ಕ್ಷಯ ಹಿಡಿದು ಅಮ್ಮ ದೂರದ ಆಸ್ಪತ್ರೆ ಸೇರಿದ್ದಳು. "ನಿನ್ನ ಮುಖ ಮರೆತುಹೋಗ್ತದೇನೋ ಮಗಳೇ" ಎಂದು ಹೇಳಿಕಳಿಸಿದ್ದಳು.

ಸಾಹೇಬನಿಗೆ ಅವಳ ಸೊಂಟಪಟ್ಟಿ ಹಿಡಿಸಲಿಲ್ಲ. ಅಮ್ಮ ಹೊಲಿದುಕೊಟ್ಟದ್ದು. ತವರದ ದುಂಡು ಗುಂಡಿಗಳು. ಅವನು ಪೆಟ್ಟಿಗೆಯಿಂದ ಬೆಳ್ಳಿಯ ಚೌಕ ಗುಂಡಿಗಳ ಪಟ್ಟಿ ತೆಗೆದು ಅವಳಿಗೆ ಬಿಗಿದ.

ಬೆಂಚಿನ ಸಾಲು ಕಿಸಕ್ಕೆಂದಿತು.

"ರಿಸ್ತೆನ್‌ಗೆ ಮದ್ವೆ ಆಗೋಯ್ತು!"

"ಅಕ್ಕಾ, ಭಾವ ಯಾರೇ?" ತಮ್ಮ ಆಂದೆಯೂ ಸೇರಿಕೊಂಡ.

"ಮೇಷ್ಟ್ರೇ, ಚೌಕದ್ದು ಮದ್ವೆ ಆದೋರು ಕಟ್ಟೋದು. ನಂದು ದುಂಡಗಿರ್ಬೇಕು."

"ಬಾಯ್ಮುಚ್ಚು. ನೋಡೋರಿಗೆ ಅದೆಲ್ಲ ಏನು ಗೊತ್ತಾಗುತ್ತೆ?"

ರಿಸ್ತೆನ್ ಗುಂಡಿಗಳ ಮೇಲೆ ಕೈ ಮುಚ್ಚಿಕೊಂಡಳು. ಸಾಹೇಬ ಒಂದೊಂದೇ ಬೆರಳು ಬಿಡಿಸಿದ. ಕ್ಯಾಮೆರಾ ಕ್ಲಿಕ್ಕೆಂದಿತು.

ಹಿಮ ಕರಗುವ ಹೊತ್ತಿಗೆ ಫೋಟೋ ಬಂತು. ರಿಸ್ತೆನ್ ತಾವು ವಾಸವಿದ್ದ ಗುಡಾರಕ್ಕೆ ಓಡಿ, ಒಲೆ ಮುಂದೆ ಕೂತಿದ್ದ ಅಜ್ಜಿಯ ಕೈಗಿಟ್ಟಳು.

ಸಾಮಿಗಳು ಮೊದಲು ಉಡುಪು ನೋಡುತ್ತಾರೆ. ಯಾವ ಕಡೆಯವರು, ಯಾರ ಮನೆಯವರು, ಎಲ್ಲ ಅದರಲ್ಲೇ ತಿಳಿಯುತ್ತದೆ. ಅಜ್ಜಿಯ ಮಂಜುಗಣ್ಣು ಸೊಂಟದ ಮೇಲೆ ನಿಂತಿತು.

"ಯಾರ ಹೆಂಡ್ತಿಯೇ ಇವಳು? ಪಾಪ, ಎಷ್ಟು ಹೆದರ್ಕೊಂಡಿದಾಳೆ. ಗಂಡ ಒಳ್ಳೆಯವನಲ್ಲ ಕಾಣುತ್ತೆ."

"ಅಜ್ಜೀ... ಅದು ನಾನು."

ಅಜ್ಜಿ ಫೋಟೋ ಕೆಳಗಿಟ್ಟು ಅವಳ ಕೆನ್ನೆ ಮುಟ್ಟಿದಳು.

ಫೋಟೋದ ಅಡಿಯಲ್ಲಿ ಹೆಸರಿರಲಿಲ್ಲ. "ಲಾಪ್ ಹೆಂಗಸು" ಎಂದು ಅಚ್ಚಾಗಿತ್ತು. ಲಾಪ್ ಅನ್ನುವುದು ಹೊರಗಿನವರು ಸಾಮಿಗಳಿಗೆ ಅನ್ನುವ ಬೈಗುಳ. ಹೆಂಗಸು ಅನ್ನುವುದು ಸುಳ್ಳು.

"ಅಮ್ಮಂಗೆ ಇದನ್ನೇ ಕಳ್ಸೋದಾ?" ಆಂದೆ ಮೆಲ್ಲಗೆ ಕೇಳಿದ. ಈ ಸಲ ಅವನು ನಗಲಿಲ್ಲ.

ರಿಸ್ತೆನ್ ಚಾಕು ತಗೊಂಡು ತನ್ನ ಪಟ್ಟಿಯಿಂದ ಒಂದು ದುಂಡು ಗುಂಡಿ ಬಿಡಿಸಿದಳು. ಬಟ್ಟೆಯ ಚೂರಿನಲ್ಲಿ ಸುತ್ತಿ ಲಕೋಟೆಗೆ ಹಾಕಿದಳು.

"ಇದ್ರಲ್ಲಿ ಮುಖ ಎಲ್ಲಿದೆ ಅಕ್ಕಾ? ಅಮ್ಮಂಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗುತ್ತೆ ಕಣೋ."

ಗುಂಡಿ ಹೋದ ಜಾಗದಲ್ಲಿ ಅಮ್ಮ ಹೊಲಿದ ದಾರದ ತುದಿ ಉಳಿದಿತ್ತು. ರಿಸ್ತೆನ್ ಅದನ್ನು ಕತ್ತರಿಸಲಿಲ್ಲ.